ಶ್ರೋಡರ್ ಒದ್ದ ಏಣಿ

ಗೆರ್ಹಾರ್ಡ್ ಶ್ರೋಡರ್ ಅಂದರೆ ಇವತ್ತು ನೆನಪಾಗೋದು ಪುಟಿನ್ ಗೆಳೆತನ, ರಷ್ಯಾದ ತೈಲ ಕಂಪನಿ ರೋಸ್‌ನೆಫ್ಟ್‌ನ ಕುರ್ಚಿ. ಆದರೆ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು ಅದಕ್ಕೂ ಮೊದಲೇ, ಅವರು ಚಾನ್ಸಲರ್ ಆಗಿದ್ದಾಗ.

1944ರಲ್ಲಿ ಹುಟ್ಟಿದ ಶ್ರೋಡರ್ ಅಪ್ಪನ ಮುಖವನ್ನೇ ನೋಡಲಿಲ್ಲ. ಅಪ್ಪ ಯುದ್ಧದಲ್ಲಿ ಸತ್ತಿದ್ದರು. ಅಮ್ಮ ಕ್ಲೀನಿಂಗ್ ಕೆಲಸ ಮಾಡಿ ಮಕ್ಕಳನ್ನು ಸಾಕಿದರು. ಅಂಗಡಿಯಲ್ಲಿ ದುಡಿಯುತ್ತಾ ಸಂಜೆ ಶಾಲೆಯಲ್ಲಿ ಓದಿದ ಹುಡುಗ ವಕೀಲನಾದ. 1998ರಲ್ಲಿ ಪಕ್ಷಕ್ಕೆ ಶೇ 40.9 ಮತ ಬಂತು, ಶ್ರೋಡರ್ ಚಾನ್ಸಲರ್ ಆದರು.

2003ರಲ್ಲಿ ಅವರು 'ಅಜೆಂಡಾ 2010' ಘೋಷಿಸಿದರು. ಅದರ ಭಾಗವಾಗಿ 2005ರ ಜನವರಿಯಲ್ಲಿ ಬಂದಿದ್ದು 'ಹಾರ್ಟ್ಸ್ 4'. ಅಲ್ಲಿಯವರೆಗೆ ಕೆಲಸ ಕಳೆದುಕೊಂಡವರಿಗೆ ನಿರುದ್ಯೋಗ ವಿಮೆಯ ಅವಧಿ ಮುಗಿದ ಮೇಲೂ ಹಳೆಯ ಸಂಬಳ ಆಧರಿಸಿ ನೆರವು ಸಿಗುತ್ತಿತ್ತು. ಹೊಸ ನಿಯಮದಲ್ಲಿ ಇಪ್ಪತ್ತು ವರ್ಷ ದುಡಿದವರಿಗೂ, ಒಂದು ದಿನವೂ ದುಡಿಯದವರಿಗೂ ಒಂದೇ ಮೊತ್ತ: ಪಶ್ಚಿಮ ಜರ್ಮನಿಯಲ್ಲಿ ಒಂಟಿ ವ್ಯಕ್ತಿಗೆ ತಿಂಗಳಿಗೆ 345 ಯೂರೊ, ಜೊತೆಗೆ ಬಾಡಿಗೆ. ಅದೂ ಉಳಿತಾಯದ ಲೆಕ್ಕ ಒಪ್ಪಿಸಿದ ಮೇಲೆ.

ನಿರುದ್ಯೋಗ ಆಮೇಲೆ ಇಳಿಯಿತು, ನಿಜ. ಆದರೆ ಕಡಿಮೆ ಸಂಬಳದ ಕೆಲಸಗಳ ದೊಡ್ಡ ಲೋಕವೇ ಬೆಳೆದು ನಿಂತಿತ್ತು. ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನ ಜಾರಿಯಾಗಲು 2015 ಬರಬೇಕಾಯಿತು.

ಸಿಟ್ಟಾದ ಕಾರ್ಮಿಕ ಸಂಘಟನೆಯವರು ಹೊರನಡೆದರು. 2007ರಲ್ಲಿ 'ಡಿ ಲಿಂಕೆ' ಪಕ್ಷ ಹುಟ್ಟಿತು. 2009ರಲ್ಲಿ ಸೋಷಿಯಲ್ ಡೆಮಾಕ್ರಟರ ಮತ ಶೇ 23ಕ್ಕೆ ಕುಸಿಯಿತು, 2025ರಲ್ಲಿ ಶೇ 16.4ಕ್ಕೆ. ಎಲ್ಲದಕ್ಕೂ ಶ್ರೋಡರ್ ಒಬ್ಬರೇ ಕಾರಣರಲ್ಲ. ಆದರೆ ಬಡವರ ಮನೆಯಿಂದ ಬಂದ ನಾಯಕನೇ ಏಣಿ ಒದ್ದರೆ, ಕೆಳಗೆ ನಿಂತವರು ಮರೆಯೋದಿಲ್ಲ.