ಹಿಂದಿನ ಗಾಲಿ ಪುಟಿದರೆ

ಉಮರಗಾ, ನಿಲಂಗಾ, ಉದಗೀರ ಭಾಗದ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ರಸ್ತೆಗಳೂ ಏರುಪೇರಾಗುತ್ತವೆ. ಇಂಥ ದಾರಿಯಲ್ಲಿ ಮಕ್ಕಳನ್ನು ಹಿಂದೆ ಕೂಡಿಸಿಕೊಂಡು ಶಾಲೆಗೆ ಹೊರಡುವ ಮೋಟಾರ್‌ಸೈಕಲ್ಲಿನಲ್ಲಿ ಪೆಟ್ಟನ್ನು ತಾಳುವುದು ಹಿಂದಿನ ಶಾಕಪ್. ಅದರ ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಒಳಗಿನ ಎಣ್ಣೆಯು ಸ್ಪ್ರಿಂಗಿನ ಪುಟಿತವನ್ನು ಅಡಗಿಸುತ್ತದೆ.

ವಾಹನ ಕುಲುಕಿದೊಡನೆ ಶಾಕಪ್ ಬದಲಿಸಬೇಕಿಲ್ಲ. ಮೊದಲು ಟೈರಿನ ಗಾಳಿಯನ್ನು ನೋಡಬೇಕು. ಬಳಿಕ ಹಿಂಬದಿಯನ್ನು ಬಲವಾಗಿ ಒತ್ತಿ ಬಿಡಬೇಕು. ಅದು ಒಮ್ಮೆ ಮೇಲೆದ್ದು ನಿಂತರೆ ಚಿಂತೆಯಿಲ್ಲ. ಮತ್ತೆ ಮತ್ತೆ ಪುಟಿದರೆ, ಕೊಳವೆಯ ಮೇಲೆ ಎಣ್ಣೆ ಜಿನುಗಿದ್ದರೆ, ಸೀಲ್ ಹೋಗಿದೆಯೆಂದು ತಿಳಿಯಬೇಕು. ಪುಟಿಯುವ ಗಾಲಿಗೆ ನೆಲದ ಹಿಡಿತ ತಪ್ಪುವುದರಿಂದ ಬ್ರೇಕ್ ಹಾಕಿದರೂ ವಾಹನ ಬೇಗ ನಿಲ್ಲದು.

ಭಾರಕ್ಕೆ ಹಿಂಬದಿ ಕುಸಿದರೆ ಹೆಡ್‌ಲೈಟಿನ ಬೆಳಕು ಮೇಲೇರಿ ಎದುರಿನವರ ಕಣ್ಣು ಕುಕ್ಕುತ್ತದೆ. ಆಗ ಸ್ಪ್ರಿಂಗಿನ ಬುಡದಲ್ಲಿರುವ ಮೆಟ್ಟಿಲಿನ ಉಂಗುರವನ್ನು ಪಾನಾದಿಂದ ತಿರುಗಿಸಿ ಒಂದೆರಡು ಮೆಟ್ಟಿಲು ಏರಿಸಬೇಕು. ಎರಡು ಶಾಕಪ್‌ಗಳಿದ್ದಲ್ಲಿ ಎರಡೂ ಸಮನಾಗಿರಬೇಕು.

ಹಿಮನಾಡುಗಳ ಕೆಲವು ಸ್ನೋಮೊಬೈಲ್‌ಗಳಲ್ಲಿ ಶಾಕಪ್ಪನ್ನು ಗುಂಡಿ ಒತ್ತಿ ವಿದ್ಯುತ್ತಿನಿಂದ ಹೊಂದಿಸುತ್ತಾರೆ. ಗುಂಡಿ ಕೆಲಸ ಮಾಡದಿದ್ದರೆ ಅಲ್ಲಿಯೂ ಮೊದಲು ನೋಡತಕ್ಕವು ಬ್ಯಾಟರಿ, ಫ್ಯೂಸ್, ತಂತಿಯ ಜೋಡಣೆ. ಶಾಕಪ್ಪಿನ ಸರದಿ ಕೊನೆಗೆ. ಈ ಕ್ರಮ ತಿಳಿದ ಪಾಲಕರು ಗ್ಯಾರೇಜಿನಲ್ಲಿ ವ್ಯರ್ಥ ವೆಚ್ಚ ಮಾಡರು. ಗ್ಯಾಸ್ ತುಂಬಿದ ಶಾಕಪ್ಪನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದರೊಳಗೆ ಭಾರಿ ಒತ್ತಡವಿರುತ್ತದೆ.