ಗಾಳಿ ಬಂದಾಗ ತೂರಿಕೊಳ್ಳುವ ಮುನ್ನ

ಹಲಗೆಯ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟಿನಿಂದ ನೀರನ್ನು ತಳ್ಳುತ್ತ ಸಾಗುವ ಪ್ಯಾಡಲ್‌ಬೋರ್ಡಿಂಗ್ ಎಂಬ ಜಲಕ್ರೀಡೆ ಈಗ ನಮಗೆ ಅಪರಿಚಿತವಲ್ಲ. ನಮ್ಮ ಮೂಲ್ಕಿಯ ತನ್ವಿ ಜಗದೀಶ್ ಈ ಕ್ರೀಡೆಯಲ್ಲಿ ಹೆಸರು ಗಳಿಸಿದ್ದಾರೆ. 2024ರ ಮಾರ್ಚ್‌ನಲ್ಲಿ ಮಂಗಳೂರಿನ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ರಜೆಗೆಂದು ಕಡಲತೀರಕ್ಕೆ ಹೋದ ನಮ್ಮ ಮಕ್ಕಳು ಬಾಡಿಗೆಗೆ ಹಲಗೆ ಪಡೆದು ನೀರಿಗಿಳಿಯುವ ಕಾಲ ಬಂದಿದೆ. ಆದುದರಿಂದ ಈ ಕ್ರೀಡೆಯ ಅಪಾಯವನ್ನೂ ನಾವು ಅರಿತಿರುವುದು ಒಳಿತು.

ಈ ಕ್ರೀಡೆಯ ಅತ್ಯಂತ ರೋಚಕ ಪ್ರಕಾರಕ್ಕೆ 'ಡೌನ್‌ವಿಂಡ್' ಎಂದು ಹೆಸರು. ಬಲವಾಗಿ ಬೀಸುವ ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಅದು ಎಬ್ಬಿಸಿದ ಅಲೆಗಳ ಮೇಲೆ ಜಾರುತ್ತ ಮೈಲಿಗಟ್ಟಲೆ ಸಾಗುವುದು ಇದರ ಬಗೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ನಮ್ಮ ಹಿರಿಯರ ಗಾದೆಯನ್ನು ಇದು ಅಕ್ಷರಶಃ ಪಾಲಿಸುತ್ತದೆ. ಆದರೆ ಮುಂದಕ್ಕೆ ತಳ್ಳುವ ಗಾಳಿ ಹಿಂದಿರುಗಲು ಬಿಡುವುದಿಲ್ಲ. ಒಮ್ಮೆ ಹೊರಟವನಿಗೆ ತಲುಪುವ ದಡವೊಂದೇ ಗತಿ.

ಅಮೆರಿಕದ ಕೊಲಂಬಿಯಾ ನದಿಯ ಕಣಿವೆ ಈ ಕ್ರೀಡೆಗೆ ಪ್ರಸಿದ್ಧವಾಗಿದೆ. ಬೇಸಿಗೆಯಲ್ಲಿ ಪೂರ್ವದ ಒಳನಾಡು ಕಾಯ್ದಾಗ, ಪೆಸಿಫಿಕ್ ಸಾಗರದ ತಂಪು ಗಾಳಿ ಈ ಇಕ್ಕಟ್ಟಾದ ಕಣಿವೆಯಲ್ಲಿ ನುಗ್ಗಿ ಬರುತ್ತದೆ. ನದಿ ಹರಿಯುವುದು ಪಶ್ಚಿಮಕ್ಕೆ, ಗಾಳಿ ಬೀಸುವುದು ಪೂರ್ವಕ್ಕೆ. ಇವೆರಡರ ಘರ್ಷಣೆಯಿಂದ ನದಿಯಲ್ಲೇ ಕಡಲಿನಂತಹ ಅಲೆಗಳು ಏಳುತ್ತವೆ. ವಿಯೆಂಟೊದಿಂದ ಹುಡ್ ರಿವರ್ ಪಟ್ಟಣದವರೆಗೆ ಸುಮಾರು 8 ಮೈಲಿ ಸಾಗುವವರಿಗೆ ಹುಟ್ಟು ಹಾಕುವ ಕೌಶಲವೊಂದೇ ಸಾಲದು. ಸರಕು ತುಂಬಿದ ಬಾರ್ಜುಗಳು ಯಾವ ಮಾರ್ಗದಲ್ಲಿ ಬರುತ್ತವೆ, ನಡುವೆ ಎಲ್ಲಿ ದಡ ಸೇರಬಹುದು, ಗಾಳಿ ಕುಸಿದರೆ ಪ್ರವಾಹ ಎತ್ತ ಒಯ್ಯುತ್ತದೆ ಎಂಬುದನ್ನು ಬಲ್ಲವರು ಅಲ್ಲಿ ನಿತ್ಯ ನೀರಿಗಿಳಿಯುವವರು. ಹೊಸಬರು ಅವರೊಡನೆ ಹೋಗುವುದೇ ವಿವೇಕ.

ನಮ್ಮ ಕರಾವಳಿಗೂ ಇಂತಹ ತನ್ನದೇ ಆದ ಗಾಳಿಯ ಲೆಕ್ಕವಿದೆ. ಮಳೆಗಾಲ ಕಳೆದ ಮೇಲೆ ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿನತ್ತ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲದತ್ತ ಗಾಳಿ ಬೀಸುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಮುಂಜಾವದ ಗಾಳಿಯಲ್ಲಿ ಹೊರಟು, ಹಗಲಿನ ಗಾಳಿಯಲ್ಲಿ ಮರಳುತ್ತಿದ್ದರು. ಮುಂಬಯಿಯ ನಮ್ಮ ಮೊಗವೀರ ಬಂಧುಗಳ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹೊಸಬರನ್ನು ಈ ಮುಂಜಾವದ ಗಾಳಿಯೇ ವಂಚಿಸುತ್ತದೆ. ನೆಲದ ಮರೆಯಿರುವುದರಿಂದ ದಡದಂಚಿನ ನೀರು ಕನ್ನಡಿಯಂತೆ ಶಾಂತವಾಗಿ ಕಾಣುತ್ತದೆ. ದೂರ ಹೋದಂತೆ ಗಾಳಿಯೂ ಅಲೆಯೂ ಬಲಗೊಳ್ಳುತ್ತವೆ. ನಿಂತ ಮೈಯೇ ಹಾಯಿಯಾಗಿ ಹಲಗೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಆಗ ಮಂಡಿಯೂರಿ ಇಲ್ಲವೇ ಬೋರಲಾಗಿ ಮಲಗಿ ಹುಟ್ಟು ಹಾಕಬೇಕು. ಹಲಗೆಯನ್ನಂತೂ ಬಿಡಲೇಬಾರದು. ಗಾಳಿಗೆ ಸಿಕ್ಕ ಹಲಗೆಯನ್ನು ಎಂತಹ ಈಜುಗಾರನೂ ಹಿಡಿಯಲಾರ.

ಇದಕ್ಕಾಗಿಯೇ ಕಡಲಲ್ಲಿ ಹಲಗೆಯನ್ನು ಕಾಲಿಗೆ ಹಗ್ಗದಿಂದ ಕಟ್ಟಿಕೊಳ್ಳುತ್ತಾರೆ. ಅದೇ ಹಗ್ಗ ಹರಿಯುವ ಹೊಳೆಯಲ್ಲಿ ಕಲ್ಲಿಗೋ ಕೊಂಬೆಗೋ ಸಿಕ್ಕಿಕೊಂಡರೆ ಮನುಷ್ಯನನ್ನು ನೀರಿನಡಿ ಹಿಡಿದಿಡಬಲ್ಲದು. ಅಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಗ್ಗವೇ ಬೇಕು. ಒಂದು ನೀರಿನಲ್ಲಿ ಪ್ರಾಣ ಕಾಯುವ ಸಾಧನ ಇನ್ನೊಂದರಲ್ಲಿ ಪ್ರಾಣ ತೆಗೆಯಬಹುದು ಎಂಬುದು ಸಲಕರಣೆಯಷ್ಟೇ ಮಾರುವ ಅಂಗಡಿಯಲ್ಲಿ ದೊರೆಯುವ ತಿಳಿವಳಿಕೆಯಲ್ಲ.

ಸ್ಥಳದ ಅರಿವನ್ನು ಕಡೆಗಣಿಸಿದರೆ ತೆರಬೇಕಾದ ಬೆಲೆಯನ್ನು ವೇಲ್ಸ್‌ನ ದುರಂತ ತೋರಿಸಿದೆ. 2021ರ ಅಕ್ಟೋಬರ್ 30ರಂದು ಹ್ಯಾವರ್‌ಫರ್ಡ್‌ವೆಸ್ಟ್ ಪಟ್ಟಣದ ಕ್ಲೆಡೌ ನದಿಯಲ್ಲಿ ಪ್ಯಾಡಲ್‌ಬೋರ್ಡಿಂಗ್ ತಂಡವೊಂದರ ನಾಲ್ವರು ಪ್ರಾಣ ಕಳೆದುಕೊಂಡರು. ಅಲ್ಲಿ ಕೊಂದದ್ದು ಗಾಳಿಯಲ್ಲ. ಮಳೆಯಿಂದ ಉಕ್ಕಿ, ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಮೇಲೆ ಧುಮುಕುತ್ತಿದ್ದ ನೀರು. ಆ ಒಡ್ಡಿನ ಅಪಾಯವನ್ನು ಪಾಲ್ಗೊಂಡವರಿಗೆ ಮುಂಚಿತವಾಗಿ ವಿವರಿಸಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಸಂಘಟಕರಿಗೆ ಹತ್ತೂವರೆ ವರ್ಷಗಳ ಸೆರೆವಾಸ ವಿಧಿಸಿತು. ಕರೆದೊಯ್ಯುವವನಿಗೆ ಸ್ಥಳದ ಅರಿವಿರಬೇಕು, ಆ ಅರಿವು ಜೊತೆಗಿರುವವರಿಗೂ ತಲುಪಬೇಕು ಎಂಬುದು ಈ ಪ್ರಕರಣದ ಪಾಠ. ಅದು ಔದಾರ್ಯವಲ್ಲ, ಹೊಣೆ.

ಮಕ್ಕಳನ್ನು ಮನೆಯಲ್ಲೇ ಕೂಡಿಹಾಕುವುದು ಇದಕ್ಕೆ ಪರಿಹಾರವಲ್ಲ. ಸಾಹಸವಿಲ್ಲದ ಯೌವನ ನಮಗೂ ಬೇಡ. ಆದರೆ ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳೋಣ. ಇಂದು ಗಾಳಿ ಎತ್ತ ಬೀಸುತ್ತಿದೆ, ಸಂಜೆಗೆ ಹೇಗೆ ತಿರುಗುತ್ತದೆ? ಅರ್ಧದಲ್ಲಿ ದಣಿದರೆ ಎಲ್ಲಿ ದಡ ಸೇರಬಹುದು? ಜೀವರಕ್ಷಕ ಜಾಕೆಟ್ ಎಲ್ಲರಿಗೂ ಇದೆಯೇ? ಹೋದವರು ಮರಳದಿದ್ದರೆ ಹುಡುಕಿ ಹೊರಡುವವರು ಯಾರು? ಉತ್ತರಿಸಲು ತಡವರಿಸುವವರೊಡನೆ ನೀರಿಗಿಳಿಯುವುದು ಬೇಡ. ದಡದಲ್ಲಿ ಬಲೆ ಹೆಣೆಯುತ್ತ ಕುಳಿತ ಮೀನುಗಾರರು "ಇಂದು ಬೇಡ" ಎಂದರೆ, ಮುಂಗಡ ಹಣ ಹೋದರೂ ಚಿಂತೆಯಿಲ್ಲ, ಆ ಮಾತನ್ನು ಮನ್ನಿಸೋಣ.