ಬಿಟ್ಟಿ ಬಿಟ್ಟ ಓಟು

'ಹಳ್ಳಿಯವರು ಐನೂರು ರೂಪಾಯಿಗೆ ಓಟು ಮಾರ್ಕೋತಾರೆ' ಅಂತ ಆಫೀಸಿನ ಕಾಫಿ ಮಷೀನ್ ಪಕ್ಕ ನಿಂತು ಹೇಳೋರಿಗೆ ನನ್ನದೊಂದು ಮಾತು. ನಾನೂ ಹಳ್ಳಿಯವನೇ. ದುಡ್ಡು ಹಂಚೋದು ಸುಳ್ಳು ಅನ್ನಲ್ಲ. ಆದರೆ ಅಂಕಿ ನೋಡಿ ಸ್ವಾಮಿ.

2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ. 73 ದಾಟಿತು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶೇ. 85. ಪಕ್ಕದ ಬೆಂಗಳೂರು ನಗರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಾವು ವಾರಾಂತ್ಯಕ್ಕೆ ರಜೆ ಸೇರಿಸಿ ಟ್ರಿಪ್ ಹೋಗ್ತೀವಿ ಅಂತಲೇ ಆಯೋಗ ಮತದಾನವನ್ನು ಬುಧವಾರ ಇಟ್ಟಿತ್ತು. ಸಂಬಳ ಸಹಿತ ರಜೆಯೂ ಇತ್ತು. ಆದರೂ ಹೋಗಲಿಲ್ಲ.

'ನನ್ನ ಒಂದು ಓಟಿಂದ ಏನಾಗುತ್ತೆ?' ಜಯನಗರದಲ್ಲಿ ಗೆಲುವಿನ ಅಂತರ ಬರೀ 16 ಓಟು. ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಮನಸ್ಸು ಮಾಡಿದ್ದರೆ ಶಾಸಕರೇ ಬೇರೆ ಆಗಬಹುದಿತ್ತು.

ಟ್ಯಾಂಕರ್ ನೀರಿಗೆ, ರಸ್ತೆ ಗುಂಡಿಗೆ ದಿನಾ ಬೈಯುವ ನಮಗೆ ಯಾವ ಪಕ್ಷ ಯಾಕೆ ಹೆದರಬೇಕು? ದುಡ್ಡು ತಗೊಂಡವನು ಮಾಡಿದ್ದು ತಪ್ಪೇ. ಆದರೆ ತನ್ನ ಓಟಿಗೆ ಬೆಲೆ ಇದೆ ಅನ್ನೋದಾದರೂ ಅವನಿಗೆ ಗೊತ್ತು. ನಾವು ಬಿಟ್ಟಿಯಾಗಿ ಬಿಟ್ಟುಕೊಟ್ಟೆವು.

ಹೆಸರು ಊರಿನ ಪಟ್ಟಿಯಲ್ಲಿದೆ ಅನ್ನೋ ನೆಪ ಬೇಡ. ಫಾರಂ 8 ತುಂಬಿ ಇಲ್ಲಿಗೆ ತನ್ನಿ. ಇಲ್ಲವೇ ಹಿಂದಿನ ರಾತ್ರಿ ಊರಿನ ಬಸ್ ಹತ್ತಿ. ಎರಡೂ ಆಗಲ್ಲ ಅಂದ್ರೆ, ಹಳ್ಳಿಯವರ ಬಗ್ಗೆ ಮಾತಾಡೋದನ್ನಾದರೂ ನಿಲ್ಲಿಸಿ.